ಈ ಕಂಪ್ಯೂಟರಿನ ಹೆಸರೇನು?



ತುಮಕೂರು ಜಿಲ್ಲೆಯ ಮಧುಗಿರಿ ತಾಲ್ಲೂಕಿಗೆ ಆರು ಹೋಬಳಿ. ದೊಡ್ಡೇರಿ ಅದರಲ್ಲೊಂದು. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನಲ್ಲಿ ಇನ್ನೊಂದು ದೊಡ್ಡೇರಿ ಇದೆ. ಇತಿಹಾಸದಲ್ಲಿ ದೊಡ್ಡೇರಿ ಕದನ ಎಂದು ಬರುತ್ತದೆ. 1690ರ ದಶಕದ ಸಂಗತಿ. ಮರಾಠ ಸೇನಾಪತಿ ಸಂತಾಜಿ ಘೋರ್ಪಡೆ, ಮೊಗಲರ ಸರದಾರ ಖಾಸಿಂ ಖಾನನನ್ನು ದೊಡ್ಡೇರಿ ಕೋಟೆಯಲ್ಲಿ ಮುತ್ತಿಗೆ ಹಾಕಿ ಹಣ್ಣು ಮಾಡಿದ. ಈ ಖಾಸಿಂ ಖಾನ್ ಸಿರಾ ಸೀಮೆಯ ಆಡಳಿತ ನೋಡಿದವನು. ಸಿರಾದವನು ದೊಡ್ಡೇರಿಯಲ್ಲಿ ಸಿಕ್ಕಿಬಿದ್ದ ಎಂದರೆ ನಮ್ಮ ಕಡೆಯವರಿಗೆ ಯಾವ ದೊಡ್ಡೇರಿ ನೆನಪಾದೀತು? ಮಧುಗಿರಿ ದೊಡ್ಡೇರಿಯೇ. ಆದರೆ ಕದನ ನಡೆದದ್ದು ಚಳ್ಳಕೆರೆ ದೊಡ್ಡೇರಿಯಲ್ಲಿ.

ಮನುಷ್ಯರಾದರೆ "ಯಾವ ದೊಡ್ಡೇರಿ ಸ್ವಾಮಿ?" ಎಂದು ಇನ್ನೊಂದು ಮಾತು ಕೇಳುತ್ತೇವೆ. ಕಂಪ್ಯೂಟರಿಗೆ ಆ ವಿವೇಕ ಇಲ್ಲ. ಒಂದೇ ಹೆಸರಿನವು ಎರಡು ಇದ್ದರೆ, ಮೊದಲು ಓಗೊಟ್ಟದ್ದೇ ಸರಿ ಎಂದುಕೊಂಡು ಕೆಲಸ ಮುಗಿಸಿಬಿಡುತ್ತದೆ. ಇಲ್ಲವೇ ಎರಡನ್ನೂ ದೂರ ಇಡುತ್ತದೆ.

ಇವತ್ತು ನಾನು ಮಾತಾಡುವುದು ಕಂಪ್ಯೂಟರಿನ ಹೆಸರಿನ ಬಗ್ಗೆ. ಪೆಟ್ಟಿಗೆಯ ಮೇಲೆ ಅಚ್ಚಾಗಿರುವ ಕಂಪನಿಯ ಹೆಸರಲ್ಲ. ತೆರೆಯುವಾಗ ಕೇಳುವ ಬಳಕೆದಾರರ ಹೆಸರೂ ಅಲ್ಲ. ನೆಟ್‌ವರ್ಕಿನಲ್ಲಿ ಬೇರೆ ಕಂಪ್ಯೂಟರುಗಳು ಅದನ್ನು ಗುರುತಿಸುವ ಹೆಸರು. ಅದಕ್ಕೆ ಹೋಸ್ಟ್‌ನೇಮ್ ಎನ್ನುತ್ತಾರೆ. ಅದನ್ನು ನೋಡುವುದು ಹೇಗೆ, ಬದಲಿಸುವುದು ಹೇಗೆ, ಯಾವ ಹೆಸರು ಇಡಬೇಕು. ಇಷ್ಟೇ ವಿಷಯ.

ಯಾರಿಗೆ ಬೇಕು ಇದು? ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲ್ಲೂಕು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಎಸ್ಸೆಸ್ಸೆಲ್ಸಿ ಫಲಿತಾಂಶದ ಪಟ್ಟಿಯಲ್ಲಿ ತುಮಕೂರು ಬೇರೆ, ಮಧುಗಿರಿ ಬೇರೆ ಎಂದು ಬರುತ್ತದಲ್ಲ, ಅದೇ. ಇಲ್ಲಿಯ ಪ್ರೌಢಶಾಲೆಯೊಂದರ ಕಂಪ್ಯೂಟರ್ ಕೊಠಡಿಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಹತ್ತು ಕಂಪ್ಯೂಟರ್. ಒಂದಕ್ಕೆ ಎಲ್ಲವನ್ನೂ ಅಚ್ಚುಕಟ್ಟಾಗಿ ತುಂಬಿದರು. ಉಳಿದ ಒಂಬತ್ತಕ್ಕೆ ಅದರದೇ ನಕಲು ಇಳಿಸಿದರು. ಸಮಯ ಉಳಿಯಿತು. ಆದರೆ ನಕಲಿನ ಜೊತೆ ಹೆಸರೂ ನಕಲಾಯಿತು. ಈಗ ಹತ್ತಕ್ಕೂ ಒಂದೇ ಹೆಸರು. ಮೇಷ್ಟ್ರು ಎಂಟನೆಯ ಕಂಪ್ಯೂಟರಿನಲ್ಲಿ ಪಾಠದ ಕಡತ ಹಂಚಿಕೆಗೆ ಇಟ್ಟಿದ್ದಾರೆ. ಮಕ್ಕಳು ಹೆಸರು ಹಿಡಿದು ಹುಡುಕಿದರೆ ಮೂರನೆಯದು ತೆರೆದುಕೊಳ್ಳುತ್ತದೆ. ಅದು ಖಾಲಿ. "ಸಾರ್, ಪಾಠ ಇಲ್ಲ ಸಾರ್!" ಪಾಠ ಇದೆ. ಕರೆದಾಗ ಓಗೊಟ್ಟವನು ಬೇರೆ.

ನಮ್ಮ ಊರುಗಳಲ್ಲಿ ರಂಗಪ್ಪಂದಿರು ಬಹಳ. ಅದಕ್ಕೇ ಒಬ್ಬ ಕೆರೆಹಿಂದ್ಲ ರಂಗಪ್ಪ, ಒಬ್ಬ ಅಂಗಡಿ ರಂಗಪ್ಪ, ಒಬ್ಬ ಮಿಲಿಟ್ರಿ ರಂಗಪ್ಪ. ಯಾವ ಕಚೇರಿಯೂ ಹೇಳಿಕೊಡದೆ ಊರಿನವರೇ ಮಾಡಿಕೊಂಡ ಏರ್ಪಾಟು ಇದು. ಕಂಪ್ಯೂಟರಿಗೆ ಆ ಏರ್ಪಾಟನ್ನು ನಾವೇ ಮಾಡಿಕೊಡಬೇಕು.

ಮೊದಲು ನೋಡುವುದು.

ರೇಡಿಯೋದಲ್ಲಿ ಮೌಸ್ ಹಿಡಿಯುವುದನ್ನು ಹೇಳಿಕೊಡುವುದು ಕಷ್ಟ. ಇಲ್ಲಿ ಒತ್ತಿ, ಅಲ್ಲಿ ಒತ್ತಿ ಎಂದರೆ ನಿಮಗೆ ಯಾವ ಇಲ್ಲಿ, ಯಾವ ಅಲ್ಲಿ? ಆ ಗುಂಡಿಗಳೂ ಹೊಸ ಆವೃತ್ತಿ ಬಂದಾಗಲೆಲ್ಲ ಜಾಗ ಬದಲಿಸುತ್ತವೆ. ಅಕ್ಷರ ಒತ್ತಿ ಕೊಡುವ ಆದೇಶ ಹಾಗಲ್ಲ. ಹತ್ತಾರು ವರ್ಷಗಳಿಂದ ಅದೇ ಪದ. ಕಾಗದದ ಮೇಲೆ ಬರೆದುಕೊಳ್ಳಬಹುದು. ಫೋನಿನಲ್ಲಿ ಹೇಳಬಹುದು. ಈಗ ನಾನು ಹೇಳುತ್ತಿರುವ ಹಾಗೆ ಬಾನುಲಿಯಲ್ಲೂ ಹೇಳಬಹುದು.

ವಿಂಡೋಸ್ ಇರುವವರು ಸ್ಟಾರ್ಟ್ ಒತ್ತಿ, ಸಿ, ಎಂ, ಡಿ ಎಂಬ ಮೂರು ಅಕ್ಷರ ಒತ್ತಿ, ಎಂಟರ್ ಕೊಡಿ. ಕಪ್ಪು ಕಿಟಕಿಯೊಂದು ತೆರೆಯುತ್ತದೆ. ಬಿಳಿ ಅಕ್ಷರ. ಕೊನೆಯಲ್ಲಿ ಒಂದು ಸಣ್ಣ ಗೆರೆ ಮಿಣುಕುತ್ತಿರುತ್ತದೆ. ಅಲ್ಲಿ ಹೋಸ್ಟ್‌ನೇಮ್ ಎಂದು ಒತ್ತಿ. ಅಕ್ಷರ ಹೇಳುತ್ತೇನೆ, ಬರೆದುಕೊಳ್ಳಿ. ಎಚ್, ಓ, ಎಸ್, ಟಿ. ಎನ್, ಎ, ಎಂ, ಇ. ಎಂಟು ಅಕ್ಷರ. ನಡುವೆ ಜಾಗ ಬೇಡ. ಎಂಟರ್ ಒತ್ತಿದರೆ ಕೆಳಗಿನ ಸಾಲಿನಲ್ಲಿ ಹೆಸರು ಬರುತ್ತದೆ. ಲಿನಕ್ಸ್‌ನಲ್ಲೂ ಇದೇ ಪದ. ಆಪಲ್‌ನ ಮ್ಯಾಕ್‌ನಲ್ಲೂ ಇದೇ ಪದ. ಮೂರು ಮನೆತನದವರು ಒಪ್ಪಿಕೊಂಡಿರುವ ಪದಗಳು ಬಹಳ ಇಲ್ಲ. ಇದು ಅಂಥದ್ದೊಂದು.

ನಮ್ಮ ಎಷ್ಟೋ ಸರ್ಕಾರಿ ಶಾಲೆಗಳ ಕೊಠಡಿಯಲ್ಲಿ ಉಬುಂಟು ಇದೆ. ಅದು ಲಿನಕ್ಸ್ ಕುಟುಂಬದ್ದು. ಅಲ್ಲಿ ಕೇಳುವ ಅಗತ್ಯವೂ ಇಲ್ಲ. ಆದೇಶ ಒತ್ತುವ ಟರ್ಮಿನಲ್ ಎಂಬ ಕಿಟಕಿ ತೆರೆದರೆ ಸಾಲಿನ ಶುರುವಿನಲ್ಲೇ ಬಳಕೆದಾರರ ಹೆಸರು, ಆಮೇಲೆ ಇಮೇಲಿನಲ್ಲಿ ಬರುವ ಅಟ್ ಎಂಬ ಸುರುಳಿ ಗುರುತು, ಅದರ ಹಿಂದೆಯೇ ಕಂಪ್ಯೂಟರಿನ ಹೆಸರು. ದಿನವೂ ಕಣ್ಣೆದುರಿಗೇ ಇರುತ್ತದೆ. ಯಾರೂ ಓದುವುದಿಲ್ಲ.

ನೋಡಿದಿರಿ. ಏನು ಕಂಡಿತು? ಹೊಸ ವಿಂಡೋಸ್ ಯಂತ್ರವಾದರೆ ಬಹುಪಾಲು ಡೆಸ್ಕ್‌ಟಾಪ್ ಎಂಬ ಪದ, ಒಂದು ಅಡ್ಡಗೆರೆ, ಆಮೇಲೆ ಅರ್ಥವಿಲ್ಲದ ಏಳು ಅಕ್ಷರ ಮತ್ತು ಅಂಕಿ. ಲ್ಯಾಪ್‌ಟಾಪ್ ಆದರೆ ಆ ಪದ, ಅಡ್ಡಗೆರೆ, ಎಂಟು ಅಕ್ಷರ. ಎರಡರ ಒಟ್ಟು ಉದ್ದವೂ 15. ಯಾಕೆ 15 ಎಂದು ಸ್ವಲ್ಪ ಹೊತ್ತಿನಲ್ಲಿ ಹೇಳುತ್ತೇನೆ. ಇದು ಸ್ಥಾಪನೆಯ ಹೊತ್ತಿಗೆ ಯಂತ್ರ ತನಗೆ ತಾನೇ ಇಟ್ಟುಕೊಂಡ ಹೆಸರು. ಇನ್ನೊಂದರ ಜೊತೆ ತಾಕಲಾಡುವುದಿಲ್ಲ, ಅಷ್ಟರಮಟ್ಟಿಗೆ ಒಳ್ಳೆಯದು. ಆದರೆ ಕೊಠಡಿಯ ಯಾವ ಮೂಲೆಯಲ್ಲಿದೆ ಎಂದು ಅದರಿಂದ ಯಾರಿಗೂ ತಿಳಿಯುವುದಿಲ್ಲ.

ನೋಡುವುದು ತಿಳಿಯಿತು: ಎಂಟು ಅಕ್ಷರದ ಒಂದು ಪದ. ಬದಲಿಸುವ ಮೊದಲು, ಯಾವ ಅಕ್ಷರಗಳನ್ನು ಬಳಸಬಹುದು ಎಂದು ತಿಳಿಯೋಣ.

ನಿಯಮ ಚಿಕ್ಕದು. ಇಂಗ್ಲಿಷ್ ಅಕ್ಷರ ಎ ಯಿಂದ ಜೆಡ್. ಅಂಕಿ ಸೊನ್ನೆಯಿಂದ ಒಂಬತ್ತು. ಒಂದು ಅಡ್ಡಗೆರೆ, ಅಂದರೆ ಹೈಫನ್. ಅದೂ ಮೊದಲಲ್ಲಿ ಬೇಡ, ಕೊನೆಯಲ್ಲಿ ಬೇಡ. ನಡುವೆ ಖಾಲಿ ಜಾಗ ಕೂಡದು. ಕೆಳಗೆರೆ, ಅಂದರೆ ಅಂಡರ್‌ಸ್ಕೋರ್, ಕೂಡದು. ದೊಡ್ಡಕ್ಷರ, ಚಿಕ್ಕಕ್ಷರ ಎರಡೂ ಒಂದೇ ಲೆಕ್ಕ.

ಇಷ್ಟು ಬಿಗಿ ಯಾಕೆ? ಇದರ ಹಿಂದೆ ಒಂದು ಕಥೆ ಇದೆ. ಇಂಟರ್ನೆಟ್ಟಿಗೆ ಮೊದಲು ಅಮೆರಿಕದಲ್ಲಿ ಆರ್ಪಾನೆಟ್ ಎಂಬ ಜಾಲವಿತ್ತು. 1970ರ ದಶಕದಲ್ಲಿ ಅದರಲ್ಲಿದ್ದ ಎಲ್ಲ ಕಂಪ್ಯೂಟರುಗಳ ಹೆಸರೂ ಒಂದೇ ಕಡತದಲ್ಲಿತ್ತು. ಒಂದು ಸಾಲಿಗೆ ಒಂದು ಯಂತ್ರ. ಕ್ಯಾಲಿಫೋರ್ನಿಯಾದ ಮೆನ್ಲೋ ಪಾರ್ಕ್‌ನಲ್ಲಿದ್ದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಎಲಿಜಬೆತ್ ಫೈನ್ಲರ್ ಎಂಬಾಕೆಯ ತಂಡ ಅದನ್ನು ನೋಡಿಕೊಳ್ಳುತ್ತಿತ್ತು. ಹೊಸ ಕಂಪ್ಯೂಟರ್ ಬಂದರೆ ಅವರಿಗೆ ತಿಳಿಸಬೇಕು. ಅವರು ಪಟ್ಟಿಗೆ ಸೇರಿಸುತ್ತಾರೆ. ಉಳಿದವರೆಲ್ಲ ಆ ಪಟ್ಟಿಯ ಹೊಸ ಪ್ರತಿ ಇಳಿಸಿಕೊಳ್ಳಬೇಕು. ಜಾಲ ಬೆಳೆಯಿತು. ಪಟ್ಟಿ ಹಿಡಿಸದಾಯಿತು. 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ಎಂಬಾತ ಹೆಸರಿನ ಜವಾಬ್ದಾರಿಯನ್ನು ಹಂಚಿಕೊಡುವ ಹೊಸ ವ್ಯವಸ್ಥೆ ರೂಪಿಸಿದ. ಅದೇ ಡಿಎನ್‌ಎಸ್. ನಾವು ಇವತ್ತು ಯಾವ ಜಾಲತಾಣದ ಹೆಸರು ಒತ್ತಿದರೂ ಅದರ ವಿಳಾಸ ಹುಡುಕಿಕೊಡುವುದು ಅದೇ. ಆದರೆ ಹಳೆಯ ಪಟ್ಟಿಯ ಅಕ್ಷರ ನಿಯಮ ಹಾಗೆಯೇ ಉಳಿದುಕೊಂಡಿತು. ಆ ಪಟ್ಟಿಯ ಮೊಮ್ಮಗ ಎನ್ನಬಹುದಾದ ಹೋಸ್ಟ್ಸ್ ಎಂಬ ಕಡತ ನಿಮ್ಮ ಕಂಪ್ಯೂಟರಿನಲ್ಲೂ ಇದೆ. ಅದರ ಕಾಟ ಇನ್ನೇನು ಬರುತ್ತದೆ.

ಉದ್ದದ ವಿಷಯ ಹೇಳಬೇಕು. ಲಿನಕ್ಸ್ ಸುಮಾರು 60 ಅಕ್ಷರ ಸಹಿಸುತ್ತದೆ. ವಿಂಡೋಸ್‌ನ ಹಳೆಯ ಪದ್ಧತಿ 15ಕ್ಕೆ ನಿಲ್ಲುತ್ತದೆ. ಹಿಂದೆ ಹೆಸರಿಗೆಂದು 16 ಮನೆ ಕೊಟ್ಟು, ಕೊನೆಯ ಒಂದು ಮನೆಯನ್ನು ಬೇರೆ ಕೆಲಸಕ್ಕೆ ಕಾದಿರಿಸಿದ್ದರು. ಉಳಿದದ್ದು 15.

ಈ 15ನ್ನು ನಮ್ಮ ಬೆಟ್ಟಗಳ ಮೇಲೆ ಪರೀಕ್ಷೆ ಮಾಡೋಣ. ದೇವರಾಯನದುರ್ಗ. ಇಂಗ್ಲಿಷಿನಲ್ಲಿ ಬರೆದರೆ ಸರಿಯಾಗಿ 15 ಅಕ್ಷರ. ಕೂದಲೆಳೆಯಲ್ಲಿ ಪಾಸು. ಕೊರಟಗೆರೆ ತಾಲ್ಲೂಕಿನ ಚನ್ನರಾಯನದುರ್ಗ. 17 ಅಕ್ಷರ. ವಿಂಡೋಸ್ ಕೊನೆಯ ಎರಡನ್ನು ಕತ್ತರಿಸುತ್ತದೆ. ಚನ್ನರಾಯನದುರ್ ಎಂದು ಉಳಿಯುತ್ತದೆ. ಇದು ಬರೀ ಅಂದಗೆಡುವ ಮಾತಲ್ಲ. ಚನ್ನರಾಯನದುರ್ಗ ಒಂದು, ಚನ್ನರಾಯನದುರ್ಗ ಎರಡು ಎಂದು ಎರಡು ಯಂತ್ರಕ್ಕೆ ಹೆಸರಿಟ್ಟಿರಿ ಅನ್ನಿ. ಬಾಲದ ಅಂಕಿ ಕತ್ತರಿಸಿಹೋಯಿತು. ಎರಡೂ ಮತ್ತೆ ಒಂದೇ ಹೆಸರಿನವಾದವು!

ಮಧುಗಿರಿ ತಾಲ್ಲೂಕಿನ ಇಟಕದಿಬ್ಬನಹಳ್ಳಿಯೂ 17 ಅಕ್ಷರವೇ. ಅದನ್ನು ಜನ ಎಂದೋ ಐ.ಡಿ.ಹಳ್ಳಿ ಮಾಡಿಕೊಂಡಿದ್ದಾರೆ. ಬಸ್ಸಿನ ಬೋರ್ಡಿಗೆ ಒಗ್ಗಿದ್ದು ಕಂಪ್ಯೂಟರಿಗೂ ಒಗ್ಗುತ್ತದೆ, ಚುಕ್ಕೆಗಳನ್ನು ಬಿಟ್ಟರೆ. ಚುಕ್ಕೆ ಹಾಕಿದರೆ ಕಂಪ್ಯೂಟರ್ ಅದನ್ನು ಒಂದು ಹೆಸರು ಎಂದು ಓದುವುದಿಲ್ಲ. ಹಳ್ಳಿ ಎಂಬ ಜಾಲದೊಳಗಿನ ಡಿ, ಅದರೊಳಗಿನ ಐ ಎಂಬ ಯಂತ್ರ ಎಂದು ಓದುತ್ತದೆ.

ಇಲ್ಲಿಯವರೆಗೆ ಹೆಸರು ನೋಡಿದೆವು. ಅಕ್ಷರದ ನಿಯಮ ತಿಳಿದೆವು. ಈಗ ಬದಲಿಸುವುದಕ್ಕೆ ಬರೋಣ.

ಒಂದು ಎಚ್ಚರಿಕೆ ಮೊದಲೇ ಹೇಳಿಬಿಡುತ್ತೇನೆ. ನಾಡಕಚೇರಿ, ಬ್ಯಾಂಕು, ಪಂಚಾಯಿತಿ, ಇಂಥ ಕಡೆಯ ಯಂತ್ರಗಳನ್ನು ಮುಟ್ಟಬೇಡಿ. ಅವುಗಳ ಹೆಸರು ಬೇರೆ ಎಲ್ಲೋ ಪಟ್ಟಿಯಲ್ಲಿ ದಾಖಲಾಗಿರುತ್ತದೆ. ಇಲ್ಲಿ ಬದಲಿಸಿದರೆ ಅಲ್ಲಿ ಬಾಗಿಲು ಮುಚ್ಚಬಹುದು. ಅದಕ್ಕೆ ಜವಾಬ್ದಾರರು ಇದ್ದಾರೆ. ನಾನು ಹೇಳುವುದು ನಿಮ್ಮ ಮನೆಯ, ಅಂಗಡಿಯ ಯಂತ್ರಕ್ಕೆ. ಶಾಲೆಯದಾದರೆ ಮುಖ್ಯೋಪಾಧ್ಯಾಯರ ಒಪ್ಪಿಗೆ ಪಡೆದ ಮೇಲೆ.

ವಿಂಡೋಸ್‌ನಲ್ಲಿ ಈ ಸಲ ಪವರ್‌ಶೆಲ್ ಎಂಬ ಕಿಟಕಿ ತೆರೆಯಬೇಕು. ಸುಮ್ಮನೆ ತೆರೆದರೆ ಸಾಲದು. ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಬೇಕು. ಹೆಸರು ನೋಡುವುದಕ್ಕೆ ಯಾರ ಅಪ್ಪಣೆಯೂ ಬೇಡ. ಬದಲಿಸುವುದಕ್ಕೆ ಬೇಕು. ಅಲ್ಲಿ ಒತ್ತಬೇಕಾದ್ದು: ರೀನೇಮ್, ಹೈಫನ್, ಕಂಪ್ಯೂಟರ್. ಇಷ್ಟೂ ಒಟ್ಟಿಗೆ. ಆಮೇಲೆ ಒಂದು ಜಾಗ ಬಿಡಿ. ಹೈಫನ್ ಹಾಕಿ, ಅದಕ್ಕಂಟಿದ ಹಾಗೆ ನ್ಯೂನೇಮ್ ಎಂದು ಒತ್ತಿ. ಮತ್ತೊಂದು ಜಾಗ ಬಿಟ್ಟು ಹೊಸ ಹೆಸರು. ಮಿಡಿಗೇಶಿ ಅನ್ನೋಣ. ಎಂಟರ್. ಹಳದಿ ಅಕ್ಷರದಲ್ಲಿ ಒಂದು ಸೂಚನೆ ಬರುತ್ತದೆ. ಕಂಪ್ಯೂಟರನ್ನು ಆರಿಸಿ ಮತ್ತೆ ಹೊತ್ತಿಸಿದ ಮೇಲೆ ಬದಲಾವಣೆ ಜಾರಿಗೆ ಬರುತ್ತದೆ ಎಂದು. ಅಲ್ಲಿಯವರೆಗೆ ಹೋಸ್ಟ್‌ನೇಮ್ ಎಂದು ಕೇಳಿದರೆ ಹಳೆಯ ಹೆಸರನ್ನೇ ಹೇಳುತ್ತದೆ. ಕೆಲಸ ಆಗಲಿಲ್ಲವೆಂದು ಗಾಬರಿ ಬೀಳಬೇಡಿ. ರೀಸ್ಟಾರ್ಟ್ ಮಾಡಿ ನೋಡಿ.

ಲಿನಕ್ಸ್‌ನಲ್ಲಿ ಎರಡು ದಾರಿ. ಒಂದು ತಾತ್ಕಾಲಿಕ. ಬದಲಿಸುವ ಅಪ್ಪಣೆ ಪಡೆಯುವ ಪದವಾದ ಸುಡೋ ಎಂದು ಒತ್ತಿ, ಹೋಸ್ಟ್‌ನೇಮ್ ಎಂದು ಒತ್ತಿ, ಮುಂದೆ ಹೊಸ ಹೆಸರು ಕೊಟ್ಟರೆ ತಕ್ಷಣ ಬದಲಾಗುತ್ತದೆ. ಆದರೆ ಕರೆಂಟ್ ಹೋಗಿ ಬಂದರೆ ಹೆಸರೂ ಹೋಯಿತು, ಹಳೆಯದೇ ಬಂತು. ನಮ್ಮ ಕಡೆ ಈ ದಾರಿ ಎಷ್ಟು ಹೊತ್ತು ಬಾಳಿಕೆ ಬರುತ್ತದೆ ಎಂದು ನಾನು ಹೇಳಬೇಕಾಗಿಲ್ಲ.

ಇನ್ನೊಂದು ದಾರಿ ಕಾಯಂ. ಅಲ್ಲಿ ಪದ ಸ್ವಲ್ಪ ಉದ್ದ. ಹೋಸ್ಟ್‌ನೇಮ್ ಎಂಬ ಎಂಟು ಅಕ್ಷರಕ್ಕೇ ಸಿ, ಟಿ, ಎಲ್ ಎಂದು ಮೂರು ಸೇರಿಸಿ. ಹೋಸ್ಟ್‌ನೇಮ್‌ಸಿಟಿಎಲ್. ಬರೀ ಅಷ್ಟನ್ನೇ ಒತ್ತಿದರೆ ಯಂತ್ರದ ಜಾತಕವೇ ಹೊರಬರುತ್ತದೆ. ಹೆಸರು, ಯಾವ ಉಬುಂಟು ಎಲ್ಲ. ಬದಲಿಸುವುದಕ್ಕೆ ಮೊದಲು ಸುಡೋ, ಆಮೇಲೆ ಈ ಪದ, ಜಾಗ ಬಿಟ್ಟು ಸೆಟ್ ಹೈಫನ್ ಹೋಸ್ಟ್‌ನೇಮ್, ಜಾಗ ಬಿಟ್ಟು ಹೊಸ ಹೆಸರು. ಗುಪ್ತಪದ ಕೇಳುತ್ತದೆ. ಒತ್ತುವಾಗ ಪರದೆಯ ಮೇಲೆ ಸಾಮಾನ್ಯವಾಗಿ ಏನೂ ಕಾಣುವುದಿಲ್ಲ, ಚುಕ್ಕೆಯೂ ಇಲ್ಲ. ಕೀಲಿಮಣೆ ಕೆಟ್ಟಿಲ್ಲ, ಅದರ ರೂಢಿಯೇ ಹಾಗೆ. ಹೊಸ ಟರ್ಮಿನಲ್ ತೆರೆದರೆ ಸಾಲಿನ ಶುರುವಿನಲ್ಲಿ ಹೊಸ ಹೆಸರು ಕುಳಿತಿರುತ್ತದೆ. ಆರಿಸಿ ಹೊತ್ತಿಸುವ ಅಗತ್ಯವಿಲ್ಲ.

ಮುಗಿಯಿತೆ? ಉಬುಂಟುವಿನಲ್ಲಿ ಇನ್ನೊಂದು ಬಾಕಿ ಇದೆ. ಬಹಳ ಜನ ಎಡವುವುದು ಇಲ್ಲೇ. ಆಗಲೇ ಹೋಸ್ಟ್ಸ್ ಕಡತ ಅಂದೆನಲ್ಲ. ಇಟಿಸಿ ಎಂಬ ಕೋಶದೊಳಗೆ ಅದು ಇರುತ್ತದೆ. ಸಾಮಾನ್ಯವಾಗಿ ಎರಡನೆಯ ಸಾಲಿನಲ್ಲಿ 127 ಚುಕ್ಕೆ 0 ಚುಕ್ಕೆ 1 ಚುಕ್ಕೆ 1 ಎಂಬ ಅಂಕಿ, ಅದರ ಮುಂದೆ ಯಂತ್ರದ ಹಳೆಯ ಹೆಸರು. ಅದನ್ನು ನೀವೇ ಹೋಗಿ ಹೊಸ ಹೆಸರಿಗೆ ತಿದ್ದಬೇಕು. ತಿದ್ದದಿದ್ದರೆ, ಸುಡೋ ಎಂದಾಗಲೆಲ್ಲ ಈ ಹೋಸ್ಟ್ ಯಾರೆಂದು ಗೊತ್ತಾಗುತ್ತಿಲ್ಲ ಎಂಬ ಗೊಣಗಾಟ ಶುರುವಾಗಬಹುದು. ಯಂತ್ರ ತನ್ನ ಹೆಸರನ್ನೇ ತಾನು ಹುಡುಕುತ್ತಿರುತ್ತದೆ. ಕೆಲವು ಆದೇಶಗಳು ಅದಕ್ಕಾಗಿಯೇ ನಿಧಾನವಾಗುತ್ತವೆ. ಆಗ ಕಂಪ್ಯೂಟರ್ ಹಳತಾಯಿತು ಎಂದು ಬೈಯುತ್ತೇವೆ. ತಪ್ಪು ಒಂದು ಸಾಲಿನದು.

ಮ್ಯಾಕ್ ಇರುವವರಿಗೆ ಒಂದೇ ಮಾತು. ಅದರಲ್ಲಿ ಮೂರು ಬೇರೆ ಬೇರೆ ಹೆಸರುಗಳಿರುತ್ತವೆ. ಎಸ್, ಸಿ, ಯು, ಟಿ, ಐ, ಎಲ್ ಎಂಬ ಆದೇಶದಿಂದ ಮೂರನ್ನೂ ಒಂದೊಂದಾಗಿ ಬದಲಿಸಬೇಕು.

ಹೆಸರು ನೋಡಿದ್ದಾಯಿತು, ನಿಯಮ ಕೇಳಿದ್ದಾಯಿತು, ಬದಲಿಸಿದ್ದೂ ಆಯಿತು. ಈಗ ಕೆಲವರು ಕೇಳುತ್ತೀರಿ. ಕನ್ನಡದಲ್ಲಿ ಹೆಸರಿಡಬಾರದೆ?

ಇಡಬಹುದು. ಲಿನಕ್ಸ್‌ನಲ್ಲಿ ಒಂದು ಯಂತ್ರಕ್ಕೆ ಎರಡು ಹೆಸರು ಇರಬಹುದು. ಒಂದು ವ್ಯವಹಾರದ ಹೆಸರು. ಅದಕ್ಕೆ ಮೇಲಿನ ನಿಯಮಗಳೆಲ್ಲ ಅನ್ವಯ. ಇನ್ನೊಂದು ತೋರಿಕೆಯ ಹೆಸರು. ಅದಕ್ಕೆ ಈ ಕಟ್ಟುಪಾಡಿಲ್ಲ. ಕನ್ನಡ ಅಕ್ಷರ, ಖಾಲಿ ಜಾಗ ಎಲ್ಲ ನಡೆಯುತ್ತದೆ. ಕಾಯಂ ದಾರಿಯ ಆದೇಶದ ಕೊನೆಗೆ ಎರಡು ಹೈಫನ್ ಹಾಕಿ ಪ್ರೆಟಿ ಎಂದು ಸೇರಿಸಿ, ಹೆಸರನ್ನು ಉದ್ಧರಣ ಚಿಹ್ನೆಯ ಒಳಗೆ ಇಡಿ. ದೊಡ್ಡೇರಿ ಗ್ರಂಥಾಲಯ ಎಂದು ಚೆನ್ನಾಗಿ ಬರೆದಿಡಬಹುದು. ಟರ್ಮಿನಲ್ಲಿನ ಕಪ್ಪು ಕಿಟಕಿಯಲ್ಲಿ ಒತ್ತಕ್ಷರ ಅಡ್ಡಾದಿಡ್ಡಿ ಕಂಡೀತು. ಅದು ಆ ಕಿಟಕಿಯ ಬಡತನ. ಒಳಗೆ ಅಕ್ಷರ ಸರಿಯಾಗಿಯೇ ಉಳಿದಿರುತ್ತದೆ.

ಈ ಎರಡು ಹೆಸರಿನ ಏರ್ಪಾಟು ನಮಗೆ ಹೊಸದಲ್ಲ. 2014ರ ನವೆಂಬರ್ 1ರಂದು ರಾಜ್ಯದ 12 ಊರುಗಳ ಇಂಗ್ಲಿಷ್ ಕಾಗುಣಿತ ಬದಲಾಯಿತು. ಟುಮ್ಕೂರ್ ಹೋಗಿ ತುಮಕೂರು ಆಯಿತು. ಬೋರ್ಡು ಬದಲಾಯಿತು, ಲೆಟರ್‌ಹೆಡ್ ಬದಲಾಯಿತು. ವಾಹನದ ಸಂಖ್ಯೆ ಕೆಎ 06 ಬದಲಾಗಲಿಲ್ಲ. ಬೆಂಗಳೂರು ಸಿಟಿ ರೈಲು ನಿಲ್ದಾಣಕ್ಕೆ ಸಂಗೊಳ್ಳಿ ರಾಯಣ್ಣನ ಹೆಸರು ಬಂತು. ಟಿಕೆಟ್ಟಿನ ಸಂಕೇತ ಎಸ್‌ಬಿಸಿ ಎಂದೇ ಉಳಿಯಿತು. ಜನ ಓದುವ ಹೆಸರನ್ನು ಬದಲಿಸುವುದು ಸುಲಭ. ಯಂತ್ರಗಳು ಒಂದಕ್ಕೊಂದು ಹೇಳಿಕೊಳ್ಳುವ ಹೆಸರನ್ನು ಬದಲಿಸಿದರೆ ಅದನ್ನು ನಂಬಿದ ನೂರು ಕಡೆ ತಿದ್ದಬೇಕು. ನಿಮ್ಮ ಅಂಗಡಿಯಲ್ಲೂ ಅಷ್ಟೇ. ಒಂದು ಕಂಪ್ಯೂಟರಿಗೆ ಪ್ರಿಂಟರ್ ಸಿಕ್ಕಿಸಿ, ಉಳಿದವಕ್ಕೆ ಹಂಚಿರುತ್ತೀರಿ. ಅದರ ಹೆಸರು ಬದಲಾದ ದಿನ ಉಳಿದವುಗಳ ಪ್ರಿಂಟ್ ನಿಲ್ಲುತ್ತದೆ. ಅವು ಹಳೆಯ ಹೆಸರನ್ನೇ ಕೂಗುತ್ತಿರುತ್ತವೆ. ಅಲ್ಲೂ ಹೋಗಿ ಹೊಸ ಹೆಸರು ಹೇಳಬೇಕು.

ಕಾಗುಣಿತದ ಮಾತು ಬಂತು. ಸಿರಾ ಎನ್ನುವವರಿದ್ದಾರೆ, ಶಿರಾ ಎನ್ನುವವರಿದ್ದಾರೆ. ಇಂಗ್ಲಿಷಿನಲ್ಲೂ ಎರಡು ಬಗೆ ಬರೆಯುತ್ತಾರೆ. ಒಂದು ಎಚ್ ಅಕ್ಷರದ ವ್ಯತ್ಯಾಸ. ನಮಗೆ ಅದು ಒಂದೇ ಊರು. ಕಂಪ್ಯೂಟರಿಗೆ ಎರಡು. ಇಂಥ ಹೆಸರನ್ನು ಇಡಲೇಬೇಡಿ. ಫೋನಿನಲ್ಲಿ ಹೇಳಿದಾಗ ಕೇಳಿದವರು ತಪ್ಪಿಲ್ಲದೆ ಬರೆದುಕೊಳ್ಳುವಂಥ ಹೆಸರು ಬೇಕು.

ಹಾಗಾದರೆ ಯಾವ ಹೆಸರು ಇಡಬೇಕು? ಇದು ಕೊನೆಯ ಭಾಗ.

1990ರಲ್ಲಿ ಡಾನ್ ಲೀಬ್ಸ್ ಎಂಬ ಅಮೆರಿಕನ್ ಇದರ ಬಗ್ಗೆಯೇ ಒಂದು ಟಿಪ್ಪಣಿ ಬರೆದ. ಇಂಟರ್ನೆಟ್ಟಿನ ದಾಖಲೆಗಳಲ್ಲಿ ಅದರ ಸಂಖ್ಯೆ 1178. ಅದರಲ್ಲಿ ನನಗೆ ಬಹಳ ಒಪ್ಪಿಗೆಯಾದ ಸಲಹೆ, ನಿಮ್ಮ ಸ್ವಂತ ಹೆಸರನ್ನು ಯಂತ್ರಕ್ಕೆ ಇಡಬೇಡಿ ಎಂಬುದು. ನಮ್ಮ ಶಾಲೆಗಳಿಗಂತೂ ಇದು ಬಹಳ ಹೊಂದುತ್ತದೆ. ಮೇಷ್ಟ್ರಿಗೆ ವರ್ಗವಾಗುತ್ತದೆ. ಯಂತ್ರಕ್ಕೆ ಆಗುವುದಿಲ್ಲ. ಬೇರೆ ತಾಲ್ಲೂಕಿಗೆ ಹೋದವರ ಹೆಸರಿನಲ್ಲಿ ಇಲ್ಲಿ ವರ್ಷಗಟ್ಟಲೆ ಕಂಪ್ಯೂಟರ್ ನಡೆಯುತ್ತಿರುತ್ತದೆ. ಇನ್ನೊಂದು ಕಾರಣವೂ ಇದೆ. ವೈಫೈಗೆ ಸೇರಿಕೊಳ್ಳುವಾಗ ಬಹಳಷ್ಟು ಕಂಪ್ಯೂಟರುಗಳು ತಮ್ಮ ಹೆಸರನ್ನು ಆ ಜಾಲಕ್ಕೆ ಹೇಳಿಕೊಳ್ಳುತ್ತವೆ. ಹೋಟೆಲಿನಲ್ಲೋ ನಿಲ್ದಾಣದಲ್ಲೋ ನಿಮ್ಮ ಪೂರ್ತಿ ಹೆಸರನ್ನು ಅಪರಿಚಿತರಿಗೆ ಯಾಕೆ ತಿಳಿಸಬೇಕು?

ಒಂದು ಗುಂಪಿನ ಹೆಸರುಗಳನ್ನು ಆರಿಸಿಕೊಳ್ಳಿ ಎಂದೂ ಲೀಬ್ಸ್ ಹೇಳುತ್ತಾನೆ. ನಮಗೇನು ಬರ? ಆರು ಕಂಪ್ಯೂಟರ್ ಇದ್ದರೆ ಮಧುಗಿರಿಯ ಆರು ಹೋಬಳಿ: ಕಸಬಾ, ದೊಡ್ಡೇರಿ, ಮಿಡಿಗೇಶಿ, ಪುರವರ, ಕೊಡಿಗೇನಹಳ್ಳಿ, ಮೊಟಕಾದ ಐ.ಡಿ.ಹಳ್ಳಿ. ಮೂರೇ ಇದ್ದರೆ ಹೊಳೆಗಳು: ಜಯಮಂಗಲಿ, ಸುವರ್ಣಮುಖಿ, ಪಿನಾಕಿನಿ. ಎಲ್ಲವೂ 15ರ ಒಳಗೆ. ಮಕ್ಕಳಿಗೂ ನೆನಪಿರುತ್ತದೆ. ದೊಡ್ಡ ಕೊಠಡಿಯಾದರೆ ಮಾತ್ರ ಚಂದದ ಆಸೆ ಬಿಡಿ. ಲ್ಯಾಬ್ ಹೈಫನ್ 01, 02 ಎಂದು ಬಾಗಿಲಿನಿಂದ ಸಾಲಾಗಿ ಎಣಿಸಿಕೊಂಡು ಹೋಗಿ. ನೀರಸ ಹೆಸರು, ನಿಜ. ಆದರೆ ನಾಲ್ಕನೆಯದು ಕೆಟ್ಟಿದೆ ಎಂದು ಹುಡುಗನೊಬ್ಬ ಹೇಳಿದರೆ ರಿಪೇರಿಯವರು ನೇರ ಅದರ ಮುಂದೆ ಹೋಗಿ ನಿಲ್ಲುತ್ತಾರೆ. ನನ್ನ ಓಟು ಇದಕ್ಕೇ.

ಕೇಳುಗರೆ, ನಾಳೆ ನಿಮ್ಮ ಕಂಪ್ಯೂಟರ್ ತೆರೆದಾಗ ಆ ಎಂಟು ಅಕ್ಷರ ಒತ್ತಿ, ಬಂದ ಹೆಸರನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಶಾಲೆಯಲ್ಲಾದರೆ ಎಲ್ಲ ಯಂತ್ರದ್ದೂ ಬರೆಯಿರಿ. ಎರಡು ಹೆಸರು ಒಂದೇ ಕಂಡರೆ ಅವನ್ನು ಮೊದಲು ಬದಲಿಸಿ. ಬದಲಿಸಿದ ಹೊಸ ಹೆಸರನ್ನು ಚೀಟಿಯಲ್ಲಿ ಬರೆದು ಪೆಟ್ಟಿಗೆಯ ಮುಂಭಾಗಕ್ಕೆ ಅಂಟಿಸಿ. ಹಳೆಯ ಹೆಸರನ್ನು ನೋಟ್‌ಬುಕ್ಕಿನಿಂದ ಹೊಡೆದುಹಾಕಬೇಡಿ. ಪ್ರಿಂಟರ್ ನಿಂತ ದಿನ ಅದು ಬೇಕಾಗುತ್ತದೆ.